ಅಕ್ಕನ ಮನೆಗೆ ಮೂರು ಗಂಟೆಯ ದಾರಿ

ಲಗ್ಗೆರೆಯಿಂದ ಕೆಂಗೇರಿಗೆ ಬಸ್ಸು, ಮೆಟ್ರೊ ಸೇರಿ ಒಂದೂವರೆ ಗಂಟೆ ಸಾಕು. ಕಳೆದ ಗುರುವಾರ ನನಗೆ ಮೂರು ಗಂಟೆ ಹಿಡಿಯಿತು.

ಎರಡು ವರ್ಷದ ಹಿಂದೆ ತುಂಬಿದ ಬಸ್ಸಿನಲ್ಲಿ ಉಸಿರು ಕಟ್ಟಿ, ಎದೆ ಹೊಡೆದುಕೊಂಡು, ಸತ್ತೇ ಹೋದೆ ಎಂದುಕೊಂಡಿದ್ದೆ. ಹೃದಯಕ್ಕೇನೂ ಆಗಿಲ್ಲ, ಇದು ಗಾಬರಿಯ ಕಾಯಿಲೆ ಎಂದರು ಡಾಕ್ಟರು. ಅಂದಿನಿಂದ ಮನೆಯಲ್ಲೇ ರವಿಕೆ ಹೊಲಿಯುತ್ತಾ, ನಡೆದು ಮುಟ್ಟುವಷ್ಟು ದೂರವನ್ನೇ ಊರು ಮಾಡಿಕೊಂಡಿದ್ದೆ. ಅಕ್ಕ ರತ್ನಳ ಮನೆಯ ಗೃಹಪ್ರವೇಶಕ್ಕೂ ಹೋಗಲಾಗಲಿಲ್ಲ. ‘ಅವಳದೆಲ್ಲ ನಾಟಕ’ ಎಂದು ಅಕ್ಕ ನೆಂಟರೆದುರು ಆಡಿದಳು. ಅಲ್ಲಿಗೆ ನಮ್ಮ ಮಾತು ನಿಂತಿತು.

ಆ ಗುರುವಾರಕ್ಕೆ ನಾಲ್ಕು ದಿನ ಮೊದಲು ಅವಳ ಮಗಳು ವೀಣಾ ಫೋನ್ ಮಾಡಿದಳು. “ಚಿಕ್ಕಮ್ಮ, ಅಮ್ಮಂಗೆ ಮಂಡಿ ಆಪರೇಷನ್ ಆಗಿ ಮೂರು ವಾರ ಆಯ್ತು. ಹಾಸಿಗೆ ಬಿಟ್ಟು ಏಳ್ತಾನೇ ಇಲ್ಲ.” ಹೊರಡುತ್ತೇನೆ ಎಂದೆ. ನನ್ನ ಗಾಬರಿಗೆ ತೋರಿಸಿಕೊಳ್ಳುತ್ತಿದ್ದ ಆಸ್ಪತ್ರೆಯ ಸಮಾಲೋಚಕಿ ಹೇಳಿದ್ದು ಇಷ್ಟೇ: “ಭಯ ಹೋಗ್ಲಿ ಅಂತ ಕಾಯ್ಬೇಡಿ. ಅದನ್ನೂ ಕರ್ಕೊಂಡೇ ಹೊರಡಿ. ಉಸಿರು ಬಿಡೋದನ್ನ ಮಾತ್ರ ನಿಧಾನ ಮಾಡಿ.”

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಬಸ್ ಹತ್ತಿದೆ. ಹೆಂಗಸರಿಗೆ ಟಿಕೆಟ್ ಉಚಿತ. ಬಿಸಿಲು ಆಗಲೇ ಏರಿತ್ತು. ಬಸವೇಶ್ವರನಗರದ ಹತ್ತಿರ ಬಸ್ಸು ತುಂಬುತ್ತಿದ್ದಂತೆ ಎದ್ದು ಬಾಗಿಲ ಕಡೆ ಸರಿದೆ. ಉತ್ತರ ಕರ್ನಾಟಕದ ಕಡೆಯ ಕಂಡಕ್ಟರಮ್ಮ ನನ್ನ ಮುಖ ನೋಡಿದರು.

“ಯಾಕ್ರೀ ಅಕ್ಕಾರ, ಆರಾಮಿಲ್ಲೇನು?”

“ಹೆದರಿಕೆ ಆಗ್ತಾ ಇದೆ. ಇಳೀಬೇಕು.” ಅಪರಿಚಿತರೊಬ್ಬರಿಗೆ ಇದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

“ಇಳೀರಿ. ಹಿಂದ ಬರೋ ಬಸ್ಸಿಗೆ ಬರ್ರಿ. ಇದೊಂದೇ ಬಸ್ ಐತೇನು?”

ಇಳಿದು ನಿಲ್ದಾಣದ ಬೆಂಚಿನ ಮೇಲೆ ಕುಳಿತೆ. ರಸ್ತೆಯ ಆಚೆ ಬದಿಯಲ್ಲಿ ವಾಪಸ್ ಲಗ್ಗೆರೆಗೆ ಹೋಗುವ ಬಸ್ಸು ಬಂದು ನಿಂತಿತು. ಎದ್ದೂ ನಿಂತಿದ್ದೆ. ಅದು ಹೊರಟು ಹೋಗುವವರೆಗೆ ನಿಲ್ದಾಣದ ಕಂಬ ಹಿಡಿದುಕೊಂಡೆ. ವಿಜಯನಗರದ ಮೂರು ಬಸ್ಸುಗಳನ್ನು ಬಿಟ್ಟು ನಾಲ್ಕನೆಯದನ್ನು ಹತ್ತಿದೆ.

ವಿಜಯನಗರದಲ್ಲಿ ಒಂದು ಕಾಫಿ ಕುಡಿಯುವ ಆಸೆಯಾಯಿತು. ಎದೆ ಇನ್ನಷ್ಟು ಹೊಡೆದುಕೊಳ್ಳುತ್ತದೆಂದು ಅದನ್ನು ಬಿಟ್ಟು ಮಜ್ಜಿಗೆ ಕುಡಿದು ಮೆಟ್ರೊ ಹತ್ತಿದೆ. ಮೈಸೂರು ರಸ್ತೆ ದಾಟಿದ ಮೇಲೆ ರೈಲು ನಡುದಾರಿಯಲ್ಲೇ ನಿಂತುಬಿಟ್ಟಿತು. ಬಾಗಿಲು ತೆರೆಯುವಂತಿಲ್ಲ, ಇಳಿಯುವಂತಿಲ್ಲ. ಪಕ್ಕದಲ್ಲಿದ್ದ ಕಾಲೇಜು ಹುಡುಗಿಗೆ, “ನಂಗೆ ಗಾಬರಿ ಆಗ್ತಿದೆ, ಸ್ವಲ್ಪ ಮಾತಾಡ್ತೀಯಾಮ್ಮ?” ಎಂದೆ.

“ಏನ್ ಮಾತಾಡ್ಲಿ ಆಂಟಿ?”

“ಏನಾದ್ರೂ.”

ಅವಳು ತಡವರಿಸಿ, ತನ್ನ ಹಾಸ್ಟೆಲಿನ ಉಪ್ಪಿಟ್ಟಿನ ಕಥೆ ತೆಗೆದಳು. ಸೋಮವಾರ ಗಂಟು, ಬುಧವಾರ ಗಂಜಿ, ಶನಿವಾರ ಇಟ್ಟಿಗೆ. ನಾನು ನಗಲಿಲ್ಲ, ಆದರೆ ಕೇಳಿಸಿಕೊಂಡೆ. ರೈಲು ಹೊರಟಿದ್ದು ತಿಳಿಯಲಿಲ್ಲ. ಜ್ಞಾನಭಾರತಿಯಲ್ಲಿ ಅವಳು ಇಳಿದಾಗ ನನ್ನ ಉಸಿರು ನನ್ನ ಹತೋಟಿಗೆ ಬಂದಿತ್ತು.

ಮನೆ ಮುಟ್ಟಿದಾಗ ಒಂದು ಗಂಟೆ. ಅಕ್ಕ ಮಂಚದ ಮೇಲಿದ್ದಳು. “ಬಂದ್ಯಾ? ನಾಟಕ ಮುಗೀತಾ?” ಎಂದಳು.

ಈ ಮಾತಿಗಾಗಿ ನಾಲ್ಕು ದಿನದಿಂದ ತಯಾರಾಗಿದ್ದೆ. “ಅಕ್ಕಾ, ಆ ಮಾತು ಇನ್ನೊಂದ್ಸಲ ಆಡಿದ್ರೆ ನಾನು ಎದ್ದು ಹೋಗ್ತೀನಿ. ಜಗಳ ಆಡಲ್ಲ, ಹೋಗ್ತೀನಿ ಅಷ್ಟೆ. ಬೇರೆ ಏನಾದ್ರೂ ಮಾತಾಡೋಣ.” ದನಿ ನಡುಗಿತು, ಆದರೆ ಏರಲಿಲ್ಲ.

ಅಕ್ಕ ಗೋಡೆ ಕಡೆ ತಿರುಗಿದಳು. ವೀಣಾ ತಟ್ಟೆ ಹಾಕಿದಳು. ಊಟ ಮುಗಿಯಿತು. ವೀಣಾ ತಟ್ಟೆಗಳನ್ನು ತೆಗೆದುಕೊಂಡು ಒಳಗೆ ಹೋದ ಮೇಲೆ ಅಕ್ಕ ಮೆಲ್ಲಗೆ ಕೇಳಿದಳು. “ನಿಂಗೆ ಅದು ಬಂದಾಗ ಏನಾಗತ್ತೆ?”

ಹೇಳಿದೆ. ಅವಳು ಸೆರಗಿನ ಅಂಚನ್ನು ಸುತ್ತುತ್ತಾ ಕೇಳಿಸಿಕೊಂಡು, ಆಮೇಲೆ ಹೇಳಿದಳು. “ಬಚ್ಚಲಿಗೆ ಹೋಗೋಕೆ ಎದ್ರೆ ನಂಗೂ ಹಾಗೇ ಆಗತ್ತೆ ಕಣೇ. ಬಿದ್ದೇಬಿಡ್ತೀನಿ ಅನ್ಸತ್ತೆ. ಡಾಕ್ಟರು ನಡೀರಿ ಅಂತಾರೆ. ವೀಣಾಗೆ ನೋವು ಅಂತ ಸುಳ್ಳು ಹೇಳಿದೀನಿ.”

ವಾಕರ್ ತಂದು ಅವಳ ಮುಂದಿಟ್ಟೆ. “ಬಾಗಿಲ ತನಕ ಮಾತ್ರ. ಹೆಜ್ಜೆ ಇಡುವಾಗ ಉಸಿರು ಬಿಡು,” ಎಂದೆ. ಹತ್ತಡಿ ದಾರಿಯಲ್ಲಿ ಎರಡು ಸಲ ನಿಂತಳು, ಒಂದು ಸಲ ನನ್ನನ್ನೇ ಬೈದಳು. ಬಾಗಿಲು ಮುಟ್ಟಿದಾಗ ಇಬ್ಬರ ಮುಖವೂ ಬೆವೆತಿತ್ತು. ಅವಳು ಕ್ಷಮೆ ಕೇಳಲಿಲ್ಲ. ಕೇಳುವವಳೂ ಅಲ್ಲ.

ನಾಲ್ಕು ಗಂಟೆಗೆ ಹೊರಟೆ. ಗೇಟು ಹಾಕಿ ತಿರುಗಿದರೆ ಅಕ್ಕ ತಾನೇ ಎದ್ದು ಬಂದು ಹೊಸಿಲಲ್ಲಿ ನಿಂತಿದ್ದಳು, ಹಿಂದೆ ವೀಣಾ.

“ಸುಮಿ, ಮುಂದಿನ ಸಲ ಮಧ್ಯಾಹ್ನ ಹೊರಡು,” ಎಂದಳು. “ಆ ಹೊತ್ತಿಗೆ ಬಸ್ಸಲ್ಲಿ ಅಷ್ಟು ಜನ ಇರಲ್ಲ.”