ಒಂದೇ ಒಲೆಯ ಮನೆಗೆ ಬಂದ ರಿವಾಲ್ವರ್

ಸೀರೆಗೆ ಜೇಬಿಲ್ಲ. ಇದು ನನಗೆ ಹೊಳೆಯಲು ಶಿವಮೊಗ್ಗದ ಒಂದು ಕೋವಿ ಅಂಗಡಿಯಲ್ಲಿ ನಿಲ್ಲಬೇಕಾಯಿತು. ಗಾಜಿನ ಮೇಜಿನ ಮೇಲೆ ಕೆಂಪು ಬಟ್ಟೆ ಹಾಸಿ ಅಂಗಡಿಯವರು ಎರಡನ್ನು ಇಟ್ಟಿದ್ದರು. ಒಂದು ಗಿಡ್ಡ ರಿವಾಲ್ವರ್, ಇನ್ನೊಂದು ಅಂಗೈಯಲ್ಲಿ ಅಡಗುವ ಚಪ್ಪಟೆ ಪಿಸ್ತೂಲು. ಎರಡೂ ಯಾರದೋ ಮನೆಯಲ್ಲಿ ಇದ್ದು ಬಂದ ಹಳೆಯವು. ನನ್ನ ಜೊತೆಗೆ ಸೊರಬದಿಂದ ಬಂದಿದ್ದ ಅಣ್ಣ, ತಂಗಿಗೆ ಸೀರೆ ಕೊಡಿಸಲು ಬಂದವನ ಹಾಗೆ, ಬೇಗ ಆರಿಸು, ಬಸ್ಸಿಗೆ ಹೊತ್ತಾಯಿತು ಎನ್ನುತ್ತಿದ್ದ.

ಅಲ್ಲಿಗೆ ಬಂದು ನಿಂತದ್ದು ಹೇಗೆಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನನ್ನು ಏನೋ ಅಂದುಕೊಂಡೀರಿ. ಶಿಕಾರಿಪುರದಲ್ಲಿ ನಮ್ಮದೊಂದು ರೈಸ್‌ಮಿಲ್ಲು. ಅಂಬ್ಲಿಗೊಳ ಜಲಾಶಯದ ನೀರು ಕುಡಿದ ಭತ್ತವೆಲ್ಲ ನಮ್ಮಲ್ಲಿಗೇ ಬರುತ್ತಿತ್ತು ಎಂದರೆ ಜಂಬವಾದೀತು, ಒಂದಿಷ್ಟಂತೂ ಬರುತ್ತಿತ್ತು. ಮಿಲ್ಲು ನಡೆಸುತ್ತಿದ್ದವರು ನಮ್ಮ ಯಜಮಾನರು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ಮಧ್ಯಾಹ್ನ ಮಿಲ್ಲಿನಲ್ಲಿ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ನಮಗೆ ಮಕ್ಕಳಿರಲಿಲ್ಲ. ಮನೆಯಲ್ಲಿ ಉಳಿದವರು ಅತ್ತೆ, ಮೈದುನ, ಮೈದುನನ ಹೆಂಡತಿ ಮತ್ತು ನಾನು. ಕಾರ್ಯ ಮುಗಿದು ತಿಂಗಳಾಗುವುದರೊಳಗೆ ಮೈದುನ ಒಂದು ಕಾಗದ ತಂದ. ನೀವ್ಯಾಕೆ ಕಷ್ಟಪಡುತ್ತೀರಿ ಅತ್ತಿಗೆ, ಆಸ್ತಿಯಲ್ಲಿ ನನ್ನ ಹಕ್ಕು ಬಿಟ್ಟೆ ಎಂದು ಒಂದು ಸಹಿ ಹಾಕಿ ತೌರಿನಲ್ಲಿ ಆರಾಮಾಗಿರಿ ಎಂದ. ನಾನು ಸಹಿ ಹಾಕಲಿಲ್ಲ. ಮರುದಿನದಿಂದ ಮಿಲ್ಲಿಗೆ ಹೋಗಿ ಯಜಮಾನರ ಕುರ್ಚಿಯಲ್ಲಿ ಕೂತೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಅಂತಾರೆ. ಅಣ್ಣನ ಮನೆಯ ಮೂಲೆಯಲ್ಲಿ ಕೂತು ಅವನ ಹೆಂಡತಿಯ ಮುಖ ನೋಡಿಕೊಂಡು ಉಣ್ಣುವುದು ನನ್ನ ಕೈಲಾಗುವ ಕೆಲಸವಲ್ಲ.

ಒಂದು ಸಂಜೆ ಮಿಲ್ಲಿನಿಂದ ನಡೆದು ಬರುವಾಗ ಚಾನಲ್ ಸೇತುವೆಯ ಮೇಲೆ ಮೋಟಾರ್ ಬೈಕಿನಲ್ಲಿ ಬಂದ ಇಬ್ಬರು ಅಡ್ಡ ನಿಂತರು. ಒಬ್ಬ ನನ್ನ ಸೆರಗಿನ ತುದಿ ಹಿಡಿದುಕೊಂಡ. ಎಳೆಯಲಿಲ್ಲ, ಸುಮ್ಮನೆ ಹಿಡಿದುಕೊಂಡ. ಹೇಳಿದ ಕಡೆ ಸಹಿ ಹಾಕಿ ಸೊರಬದ ಬಸ್ಸು ಹತ್ತು, ಮುಂದಿನ ಸಲ ಸೆರಗಿಗೇ ನಿಲ್ಲುವುದಿಲ್ಲ ಎಂದ. ಮನೆಗೆ ಬಂದರೆ ಮೈದುನ ಪಡಸಾಲೆಯಲ್ಲಿ ಕೂತು ರೇಡಿಯೋದ ಕಿವಿ ಹಿಂಡುತ್ತಿದ್ದ. ಯಾಕೆ ಅತ್ತಿಗೆ ತಡವಾಯಿತು ಎಂದು ಕೇಳಿದ. ನಾನು ಒಳಗೆ ಹೋಗಿ, ಕೈ ತೊಳೆದುಕೊಂಡು ಬಂದು, ಅವನಿಗೆ ರೊಟ್ಟಿ ಬಡಿಸಿದೆ.

ಬಡಿಸಿದೆ ಎಂದರೆ ನಿಮಗೆ ಸಿಟ್ಟು ಬರಬಹುದು. ನನಗೂ ಬರುತ್ತಿತ್ತು. ಆದರೆ ನಮ್ಮ ಕಡೆಯ ಕೂಡು ಮನೆಗಳಲ್ಲಿ ಒಂದು ಕಟ್ಟಳೆ ಇತ್ತು. ಒಲೆ ಒಂದೇ ಇರುವ ತನಕ ಮನೆ ಒಂದೇ. ಪಾಲಿನ ತಕರಾರು ಹಿರಿಯರ ಮುಂದೆ ಬಂದರೆ ಅವರು ಮೊದಲು ಕೇಳುವುದು, ಒಲೆ ಬೇರೆ ಮಾಡಿದವರು ಯಾರು ಎಂದು. ಮೊದಲು ಬೇರೆ ಮಾಡಿದವರು ಇನ್ನೊಬ್ಬರು ಕೊಟ್ಟಷ್ಟು ತೆಗೆದುಕೊಂಡು ಸುಮ್ಮನಿರಬೇಕು. ಕೋರ್ಟಿಗೆ ಹೋದರೆ ನಿಮ್ಮ ಆಯಸ್ಸು ಅಲ್ಲೇ ಮುಗಿಯುತ್ತದೆ, ಹಿರಿಯರಲ್ಲೇ ತೀರಲಿ, ಅಲ್ಲಿಯ ತನಕ ಮನೆಯನ್ನೂ ಬಿಡಬೇಡಿ ಒಲೆಯನ್ನೂ ಬಿಡಬೇಡಿ ಎಂದು ನನ್ನ ವಕೀಲರು ಹೇಳಿದ್ದರು. ಮೈದುನನಿಗೂ ಅವನ ವಕೀಲರು ಇದನ್ನೇ ಹೇಳಿರಬೇಕು, ಹೋಟೆಲಿನಲ್ಲಿ ಒಂದು ತಟ್ಟೆ ಇಡ್ಲಿ ತಿನ್ನುವುದನ್ನೂ ಅವನು ಬಿಟ್ಟಿದ್ದ. ವಾರಗಿತ್ತಿ ಒಳಗೆ ರೊಟ್ಟಿ ತಟ್ಟುವುದು, ಹಿರಿಸೊಸೆ ನಾನು ಬಡಿಸುವುದು, ಇದು ಮನೆಯ ಪದ್ಧತಿ. ನನ್ನನ್ನು ಓಡಿಸಲು ಆಳು ಬಿಟ್ಟವನು ಎರಡು ಹೊತ್ತೂ ನನ್ನ ಕೈಯಿಂದಲೇ ಉಣ್ಣಬೇಕು. ಅವನನ್ನು ಕಂಡರೆ ಮೈ ಉರಿಯುವ ನಾನು ಅವನ ಮುಂದೆ ಬಗ್ಗಬೇಕು. ಅತ್ತ ದರಿ, ಇತ್ತ ಪುಲಿ. ಆ ಪಡಸಾಲೆ ಬಿಟ್ಟು ಮೊದಲು ಎದ್ದವರಿಗೆ ಮಿಲ್ಲು ಇಲ್ಲ.

ಸೇತುವೆಯ ಸಂಗತಿಯನ್ನು ಹಿರಿಯರಿಗೆ ಹೇಳಿದರೆ, ಕಂಡವರು ಇದ್ದಾರಾ ಎಂದು ಕೇಳಿದರು. ಇರಲಿಲ್ಲ. ಆಗ ಅಣ್ಣ ಲೈಸೆನ್ಸಿನ ದಾರಿ ಹಿಡಿದ. ತೌರಿನಲ್ಲಿ ಗದ್ದೆಯಿಂದ ಹಂದಿ ಓಡಿಸುವ ಉದ್ದ ಕೋವಿ ಅಜ್ಜನ ಕಾಲದಿಂದ ಇತ್ತು, ಅವನಿಗೆ ಆ ಕಚೇರಿಗಳ ಮೆಟ್ಟಿಲು ಹೊಸದಲ್ಲ. ವಿಚಾರಣೆಗೆಂದು ಮನೆಗೆ ಬಂದ ಪೊಲೀಸರು, ನಿಮಗೆ ಯಾರ ಭಯ ಎಂದು ಕೇಳಿದರು. ಪಕ್ಕದಲ್ಲೇ ಮೈದುನ ಕೂತಿದ್ದ. ಅತ್ತೆ ಚಹಾ ತಂದಿಟ್ಟರು. ಕಳ್ಳಕಾಕರದ್ದು ಎಂದೆ. ಮೈದುನ ತಾನೂ ಬಾಯಿ ಹಾಕಿ, ಕಾಲ ಕೆಟ್ಟಿದೆ, ಹೆಂಗಸು ಒಬ್ಬರೇ ಓಡಾಡುತ್ತಾರೆ, ಕೊಡಿಸಿ ಸಾಹೇಬರೆ ಎಂದು ಶಿಫಾರಸು ಮಾಡಿದ. ಬೇಡ ಎಂದರೆ ಬೆರಳು ತನ್ನ ಕಡೆಗೇ ತಿರುಗುತ್ತದಲ್ಲ! ನನಗೆ ನಗುವೂ ಬಂತು, ಅಳುವೂ ಬಂತು.

ಹೀಗೆ ಲೈಸೆನ್ಸು ಕೈಗೆ ಬಂದು ನಾನು ಆ ಅಂಗಡಿಯಲ್ಲಿ ನಿಂತದ್ದು. ಅಣ್ಣ ಪಿಸ್ತೂಲಿನ ಪಕ್ಷ. ಚಪ್ಪಟೆ ಇದೆ, ಎದೆಗೆ ಪಟ್ಟಿ ಕಟ್ಟಿ ಇಟ್ಟುಕೊಂಡರೆ ದೇವರಿಗೂ ಗೊತ್ತಾಗದು ಎಂದ. ಆ ಜಾಗದಲ್ಲಿ ಲಿಂಗದ ಕರಡಿಗೆ ಇದೆಯಪ್ಪಾ, ದೇವರಿಗೇ ಮೊದಲು ಗೊತ್ತಾಗುವುದು ಎಂದೆ. ಅಂಗಡಿಯವರು ರಿವಾಲ್ವರಿನ ಪಕ್ಷ. ಪಿಸ್ತೂಲಾದರೆ ಮೇಲಿನ ಭಾಗವನ್ನು ಹಿಂದಕ್ಕೆ ಎಳೆದು ಬಿಟ್ಟರೇ ಗುಂಡು ಏರುವುದು, ಗಾಬರಿಯಲ್ಲಿ ಕೈ ಜಾರುತ್ತದೆ, ಸೀರೆಯ ಒಂದು ಎಳೆ ಸಿಕ್ಕಿಕೊಂಡರೂ ಕೆಲಸ ಕೆಟ್ಟಿತು. ರಿವಾಲ್ವರಾದರೆ ಟ್ರಿಗರ್ ಒತ್ತಿದರೆ ಆಯಿತು. ಆದರೆ ಗುಂಡು ತುಂಬುವ ಚಕ್ರ ಉಬ್ಬಿಕೊಂಡಿರುವುದರಿಂದ ಬಗ್ಗಿದಾಗ ಸೊಂಟದಲ್ಲಿ ಎದ್ದು ಕಾಣುತ್ತದೆ. ನಾನು ಪಿಸ್ತೂಲನ್ನು ಎತ್ತಿಕೊಂಡು ಎಳೆದೆ. ಮೊದಲ ಸಲಕ್ಕೇ ಬಂತು. ಭತ್ತದ ಚೀಲದ ಬಾಯಿ ಬಿಗಿದ ಕೈ ನನ್ನದು. ಅಣ್ಣ ತಾನೇ ಗೆದ್ದವನ ಹಾಗೆ ನಕ್ಕ.

ಆಗ ಅಂಗಡಿಯವರು ನನ್ನನ್ನು ಒಂದು ಮಾತು ಕೇಳಿದರು.

"ಎದುರಿಗಿರೋನು ಎಷ್ಟು ದೂರದಲ್ಲಿ ಇರ್ತಾನಮ್ಮಾ?"

ಇಷ್ಟು ದಿನ ಎಲ್ಲರೂ ಎಲ್ಲಿ ಬಚ್ಚಿಡುವುದು, ಹೇಗೆ ಬಚ್ಚಿಡುವುದು ಎಂದಷ್ಟೇ ಮಾತಾಡಿದ್ದೆವು. ಯಾರಿಗೆ ಹೊಡೆಯುವುದು ಎಂದು ಅಣ್ಣನೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಸೇತುವೆಯ ಮೇಲೆ ನಿಂತಿದ್ದ ಆ ಇಬ್ಬರನ್ನು ಕಣ್ಣ ಮುಂದೆ ತಂದುಕೊಳ್ಳಲು ನೋಡಿದೆ. ಮುಖ ಬರಲಿಲ್ಲ. ಬಂದದ್ದು ಮೈದುನನ ತಟ್ಟೆ.

"ರೊಟ್ಟಿ ಬಡಿಸೋಷ್ಟು ದೂರ," ಎಂದೆ.

ಅವರು ತಮಾಷೆ ಎಂದುಕೊಂಡು ನಕ್ಕರು. ಅಣ್ಣ ನಗದಿದ್ದುದನ್ನು ಕಂಡು ನಿಲ್ಲಿಸಿದರು. ಕೆಂಪು ಬಟ್ಟೆಯ ಅಂಚನ್ನು ಸರಿಮಾಡುತ್ತ, ಅಷ್ಟು ಹತ್ತಿರವಾದರೆ ಯಾವುದಾದರೂ ಒಂದೇ ಎಂದರು.

ನಾನು ರಿವಾಲ್ವರ್ ತಂದೆ. ಅದನ್ನು ಬಿಚ್ಚಿ ನೋಡಿದರೆ ಗುಂಡು ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಆ ಮನೆಯಲ್ಲಿ ಕಣ್ಣಿಗೆ ಕಾಣದ್ದು ನನಗೆ ಸಾಕಾಗಿ ಹೋಗಿತ್ತು. ಇನ್ನು ಜೇಬಿನ ಮಾತು. ಒಳಲಂಗದ ಬಲಗಡೆಗೆ ಗಟ್ಟಿ ಬಟ್ಟೆಯ ಒಂದು ಜೇಬು ಹಾಕಿಕೊಡು ಎಂದು ಪೇಟೆಯ ದರ್ಜಿಗೆ ಕೊಟ್ಟೆ. ಬಚ್ಚಿಡುವ ಸಾಮಾನಿಗೆ ದರ್ಜಿಯ ಹತ್ತಿರ ಜೇಬು ಹೊಲಿಸುವವಳಿಗೆ ಏನನ್ನಬೇಕೋ ಅದನ್ನು ಅನ್ನಿ. ಎಷ್ಟು ಅಗಲ, ಯಾತಕ್ಕೆ ಎಂದು ಅವನು ಕೇಳಿದ, ಬೀಗದ ಕೈಗೆ ಎಂದೆ. ಇಷ್ಟು ದೊಡ್ಡ ಬೀಗ ಯಾವ ಕೋಟೆಯದಮ್ಮಾ ಎಂದ. ಸಂತೆಯ ದಿನ ಬರುವಷ್ಟರಲ್ಲಿ ಮಿಲ್ಲಿನವರ ಸೊಸೆಯ ಸೊಂಟದಲ್ಲಿ ಏನಿದೆ ಎಂದು ಊರಿಗೆಲ್ಲ ಗೊತ್ತಿತ್ತು.

ಮೈದುನನಿಗೂ ಗೊತ್ತಾಯಿತು. ಮೊದಲು ಪಡಸಾಲೆಯ ನಡುವೆ ಕೂರುತ್ತಿದ್ದವನು ಗೋಡೆಗೆ ಬೆನ್ನು ಕೊಟ್ಟು ಕೂರತೊಡಗಿದ. ನಾನು ರೊಟ್ಟಿ ಹಿಡಿದು ಬಗ್ಗಿದರೆ ಅವನ ಕಣ್ಣು ನನ್ನ ಬಲಗೈಯ ಮೇಲೆ, ನನ್ನ ಕಣ್ಣು ಅವನ ಎರಡೂ ಕೈಗಳ ಮೇಲೆ. ಇಬ್ಬರಿಗೂ ಅನ್ನ ಇಳಿಯುತ್ತಿರಲಿಲ್ಲ. ಸೆರಗಿನಲ್ಲಿ ಕೆಂಡ ಕಟ್ಟಿಕೊಳ್ಳುವುದು ಅಂತಾರಲ್ಲ, ಆ ಮಾತು ಕಟ್ಟಿದವರು ನನ್ನನ್ನು ನೋಡಿಯೇ ಕಟ್ಟಿರಬೇಕು. ಮನೆಯಲ್ಲಿ ಬಿಟ್ಟು ಹೋಗುವಂತಿಲ್ಲ, ಯಾರ ಕೈಗೂ ಕೊಡುವಂತಿಲ್ಲ. ಲಿಂಗಪೂಜೆಗೆ ಕೂತರೆ ಅದನ್ನು ಬೆನ್ನ ಹಿಂದೆ ಇಟ್ಟುಕೊಂಡು, ಕಣ್ಣು ಮುಚ್ಚಲು ಹೆದರಿ, ತೆರೆದ ಕಣ್ಣಲ್ಲೇ ಪೂಜೆ ಮುಗಿಸುತ್ತಿದ್ದೆ. ಭಯ ಹೋಗಲಿ ಎಂದು ತಂದದ್ದು, ಭಯಕ್ಕೊಂದು ತೂಕ ಕೊಟ್ಟು ಸೊಂಟಕ್ಕೆ ಕಟ್ಟಿತ್ತು.

ಅತ್ತೆ ಅಲ್ಲಿಯ ತನಕ ನಮ್ಮ ಜೊತೆ ಊಟಕ್ಕೆ ಕೂರುತ್ತಿರಲಿಲ್ಲ. ಎಲ್ಲರದೂ ಆದ ಮೇಲೆ ಅಡುಗೆಮನೆಯಲ್ಲೇ ಒಂದಿಷ್ಟು ಉಣ್ಣುತ್ತಿದ್ದರು. ಒಂದು ಮಧ್ಯಾಹ್ನ ಬಡಿಸಿ ಒಳಗೆ ಬಂದವಳನ್ನು ಉಗ್ರಾಣಕ್ಕೆ ಕರೆದು, ಬಗ್ಗಿದಾಗ ಕಾಣುತ್ತದೆ, ತೆಗೆದು ತೋರಿಸು ಎಂದರು. ತೋರಿಸಿದೆ. ಬೆಳ್ಳುಳ್ಳಿ ಬಿಡಿಸುತ್ತಿದ್ದ ಕೈಯನ್ನು ಸೀರೆಗೆ ಒರೆಸಿಕೊಂಡು ಮುಟ್ಟಿ ನೋಡಿದರು. ಇನ್ನೊಂದು ಇತ್ತು, ಚಪ್ಪಟೆಯದು, ಅದನ್ನು ತಂದಿದ್ದರೆ ಕಾಣುತ್ತಿರಲಿಲ್ಲ ಎಂದು ನಾನು ಏನೋ ಹೇಳಬೇಕೆಂದು ಹೇಳಿದೆ.

"ಎರಡ್ರಾಗ ಯಾವ್ದು ತಂದಿದ್ರೂ ಸಾಯೋನು ನನ್ ಮಗಾನೇ ಅಲ್ಲೇನವ್ವಾ?" ಎಂದರು.

ಸೇತುವೆಯ ಮೇಲೆ ನನ್ನ ಸೆರಗು ಹಿಡಿದರಲ್ಲ, ಅದನ್ನು ಮಾಡಿಸಿದವರು ಯಾರು ಎಂದು ನಿಮಗೆ ಗೊತ್ತಿತ್ತೋ ಇಲ್ಲವೋ ಎಂದು ಕೇಳಿದೆ. ಇಲ್ಲ ಅನ್ನುತ್ತಾರೆ, ಆಮೇಲೆ ಜಗಳವಾಡಬಹುದು ಎಂದುಕೊಂಡಿದ್ದೆ.

"ಗೊತ್ತಿತ್ತು. ಇನ್ನೊಬ್ಬ ಮಗ ಉಳಿದಿದ್ರೆ ಇವನ್ನ ಬಯ್ತಿದ್ದೆ."

ಜಗಳವಾಡಲು ಏನೂ ಉಳಿಯಲಿಲ್ಲ. ಅವರ ಸತ್ತ ಮಗ ನನ್ನ ಗಂಡ. ಇಬ್ಬರೂ ಉಗ್ರಾಣದಲ್ಲಿ ಕೂತು ಅತ್ತೆವು, ಒಬ್ಬರನ್ನೊಬ್ಬರು ಸಮಾಧಾನ ಮಾಡಲಿಲ್ಲ.

ಅಂದು ಸಂಜೆ ಅತ್ತೆ ತಮ್ಮ ತಟ್ಟೆ ಹಿಡಿದು ಪಡಸಾಲೆಗೆ ಬಂದರು. ಮೊಣಕಾಲು ಮಡಚಲು ಬರದವರು, ಗೋಡೆ ಹಿಡಿದು ಕೆಳಗಿಳಿದು, ಮೈದುನನ ಮುಂದೆ, ನಾನು ನಿಲ್ಲುವ ಜಾಗಕ್ಕೂ ಅವನಿಗೂ ನಡುವೆ ಕೂತರು. ರೊಟ್ಟಿಯನ್ನು ನನ್ನ ಕೈಯಿಂದ ಇಸಿದುಕೊಂಡು ತಾವೇ ಅವನ ತಟ್ಟೆಗೆ ಹಾಕಿದರು. ಒಲೆ ಒಂದೇ ಉಳಿಯಿತು, ಕಟ್ಟಳೆ ಮುರಿಯಲಿಲ್ಲ. ಮರುದಿನ ನಾನು ಮಿಲ್ಲಿಗೆ ಹೊರಟರೆ ಕೋಲು ಹಿಡಿದು ನನ್ನ ಹಿಂದೆಯೇ ಹೊರಟರು. ಸಂಜೆಯ ತನಕ ಭತ್ತದ ಚೀಲದ ಮೇಲೆ ಕೂತಿದ್ದು, ಚಾನಲ್ ಸೇತುವೆಯ ಮೇಲೆ ನನ್ನ ಕೈ ಹಿಡಿದು ನಿಧಾನವಾಗಿ ದಾಟಿದರು. ಮಗನಿಗೂ ನನಗೂ ಅಡ್ಡ, ನನಗೂ ಅವನ ಆಳುಗಳಿಗೂ ಅಡ್ಡ. ಯಾರ ಪಕ್ಷ ಎಂದು ವಾರಗಿತ್ತಿ ಒಮ್ಮೆ ಕೇಳಿಯೇಬಿಟ್ಟಳು. ನನ್ನ ಮಂಡಿ ನೋವಿನ ಪಕ್ಷ ಕಣವ್ವಾ ಎಂದರು.

ಹಾಗೆಯೇ ವರ್ಷಗಳು ಹೋದವು. ಆ ದಶಕದಲ್ಲಿ ಸರ್ಕಾರಗಳು ಬಿದ್ದು ಬಿದ್ದು ಚುನಾವಣೆ ಬರುತ್ತಿತ್ತು, ಚುನಾವಣೆ ಬಂದಾಗಲೆಲ್ಲ ಲೈಸೆನ್ಸಿನ ಆಯುಧವನ್ನು ಠಾಣೆಗೆ ಒಪ್ಪಿಸಬೇಕಿತ್ತು. ದೇಶದಲ್ಲಿ ಗಲಾಟೆ ಎದ್ದರೆ ನಮ್ಮ ಪಡಸಾಲೆಗೆ ಶಾಂತಿ. ಆ ವಾರಗಳಲ್ಲಿ ಮೈದುನ ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಳ್ಳುತ್ತಿದ್ದ. ಆದರೂ ಅತ್ತೆ ತಮ್ಮ ಜಾಗ ಬಿಡಲಿಲ್ಲ. ತಂಗಿಯ ಮೊಮ್ಮಗಳ ಮದುವೆಗೂ ಹೋಗಲಿಲ್ಲ, ಬಳ್ಳಿಗಾವಿಯ ಗುಡಿಗೆ ಹೋಗಬೇಕೆಂಬ ಹರಕೆಯೂ ಹಾಗೇ ಉಳಿಯಿತು. ಒಂದು ಹೊತ್ತು ನಾನಿಲ್ಲದಿದ್ದರೆ ನೀವಿಬ್ಬರೂ ಏನು ಮಾಡುತ್ತೀರೋ ಎನ್ನುತ್ತಿದ್ದರು. ಜ್ವರ ಬಂದ ದಿನ ಕಂಬಳಿ ಹೊದ್ದುಕೊಂಡು ಅಲ್ಲೇ ಮಲಗಿ, ನಮ್ಮ ಊಟ ಮುಗಿಯುವುದನ್ನು ಕಾಯುತ್ತಿದ್ದರು.

ದಶಕ ಮುಗಿಯುವ ಹೊತ್ತಿಗೆ ಅತ್ತೆ ಹೋದರು. ಮಣ್ಣು ಮಾಡಿ, ಕಾರ್ಯ ಮುಗಿದು, ನೆಂಟರೆಲ್ಲ ಬಸ್ಸು ಹತ್ತಿದ ಮೇಲೆ ಮೊದಲ ಊಟಕ್ಕೆ ಮೈದುನ ಗೋಡೆಗೆ ಬೆನ್ನು ಕೊಟ್ಟು ಕೂತ. ನಾನು ರೊಟ್ಟಿ ತಂದೆ. ನಡುವೆ ಯಾರೂ ಇರಲಿಲ್ಲ. ಅವನು ತಲೆ ಎತ್ತಿ ನನ್ನನ್ನು ನೋಡಿದ. ಅವನಿಗೂ ವಯಸ್ಸಾಗಿತ್ತು. ನನಗೆ ಇನ್ನೊಂದು ಹೆಜ್ಜೆ ಮುಂದೆ ಇಡಲಾಗಲಿಲ್ಲ, ಹಿಂದೆ ಸರಿಯಲೂ ಆಗಲಿಲ್ಲ.

"ಅತ್ಗೇ, ಒಲೆ ಬೇರೆ ಮಾಡಾಣ," ಎಂದ. "ನನ್ ಕೈಲಾಗಲ್ಲ."

ಈ ಮಾತನ್ನು ಅವನ ಬಾಯಿಂದ ಕೇಳಬೇಕೆಂದೇ ನಾನು ಇಷ್ಟು ವರ್ಷ ಬಗ್ಗಿದ್ದು. ಮೊದಲು ಒಲೆ ಬೇರೆ ಎಂದವನು ಅವನು, ಇನ್ನು ನಾನು ಕೊಟ್ಟಷ್ಟು ಅವನು ತೆಗೆದುಕೊಳ್ಳಬೇಕು. ಗೆದ್ದೆ ಎಂದು ಕೂಗಬೇಕು ಅನ್ನಿಸಲಿಲ್ಲ. ಸರಿಸಮ ಮಾಡೋಣ ಎಂದೆ. ರೊಟ್ಟಿಯನ್ನು ಅತ್ತೆಯ ಖಾಲಿ ಜಾಗದಲ್ಲಿ, ನೆಲದ ಮೇಲೆ ತಟ್ಟೆಯೊಂದರಲ್ಲಿ ಇಟ್ಟೆ. ಅವನು ಅದನ್ನು ತನ್ನ ಕಡೆಗೆ ಎಳೆದುಕೊಳ್ಳದೆ ಕೂತಿದ್ದ.

ಹಿರಿಯರು ಬಂದರು. ಮಿಲ್ಲು ಅರ್ಧ, ಗದ್ದೆ ಅರ್ಧ, ಮನೆ ಅರ್ಧ. ಪಡಸಾಲೆಗೆ ಅಡ್ಡ ಗೋಡೆ ಹಾಕಲು ಬಂದ ಗಾರೆ ಕೆಲಸದವನು ದಾರ ಹಿಡಿದು ಅಳೆದು ನಡುಮಧ್ಯಕ್ಕೆ ಸುಣ್ಣದ ಗೆರೆ ಎಳೆದ. ಗೆರೆ ಬಿದ್ದದ್ದು ಅತ್ತೆ ಕೂರುತ್ತಿದ್ದ ಜಾಗದ ಮೇಲೆ, ಅವರ ಮೈಯ ಒರಸಿಗೆ ಅಲ್ಲಿ ನೆಲ ನುಣುಪಾಗಿತ್ತು. ಇಲ್ಲಿಗೇ ಕಲ್ಲು ಇಡಲಾ, ಸ್ವಲ್ಪ ಯಾವ ಕಡೆಗಾದರೂ ಸರಿಸಲಾ ಎಂದು ಅವನು ಕೇಳಿದ. ಮೈದುನ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಸರಿಸು ಎಂದು ಇಬ್ಬರೂ ಹೇಳಲಿಲ್ಲ.