ಎರೆಮಣ್ಣಿನಲ್ಲಿ ನಾಲ್ಕು ಗಂಟೆ

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ನನ್ನ ಮಾವ ನೈರೋಬಿಗೆ ಬಂದು ಆರು ವಾರವಾಗಿತ್ತು. ವಿಮಾನ ಹತ್ತಲಾರೆ ಎಂದು ಅತ್ತೆ ಬೆಂಗಳೂರಿನಲ್ಲಿ ಮಗಳ ಮನೆಯಲ್ಲೇ ಉಳಿದಿದ್ದರು. ಮಾವ ಒಬ್ಬರೇ ಎರಡು ಸೂಟ್‌ಕೇಸಿನ ತುಂಬ ರಾಗಿಹಿಟ್ಟು, ಹುರುಳಿಕಾಳು, ಚಟ್ನಿಪುಡಿ ತುಂಬಿಕೊಂಡು ಬಂದಿಳಿದಿದ್ದರು. ಚಿತ್ರದುರ್ಗದ ಕಡೆಯವರು. ಮೂವತ್ತೆರಡು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ಕಿಲೆಲೆಶ್ವಾದಲ್ಲಿ ನಮ್ಮ ಮೂರನೇ ಮಹಡಿಯ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು, ಕೆಳಗೆ ನುಗ್ಗುವ ಮಟಾಟುಗಳನ್ನು ನೋಡುತ್ತ ಬೆಳಗು ಕಳೆಯುತ್ತಿದ್ದರು. "ಈ ಮಿನಿಬಸ್ಸಿನೋರಿಗೆ ಲೈಸೆನ್ಸ್ ಕೊಟ್ಟೋನ್ಯಾರಮ್ಮ?" ಎಂದು ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದರು.

ಅವರಿಗೆ ಸಿಂಹ ತೋರಿಸಬೇಕು ಎಂದು ನನ್ನ ಗಂಡನಿಗೆ ಆಸೆ. ದೂರದ ಕಾಡಿಗೆ ಮೂರು ದಿನ ಕರೆದುಕೊಂಡು ಹೋಗಲು ಇಬ್ಬರಿಗೂ ರಜೆ ಇರಲಿಲ್ಲ. ಊರಿಗೇ ಅಂಟಿಕೊಂಡಿರುವ ರಾಷ್ಟ್ರೀಯ ಉದ್ಯಾನಕ್ಕೆ ಅರ್ಧ ದಿನದ ಸಫಾರಿ ಸಾಕೆಂದು, ನಮ್ಮ ಮೂವರಿಗಷ್ಟೇ ಒಂದು ವ್ಯಾನು ಗೊತ್ತುಮಾಡಿದೆವು. ಹಿಂದಿನ ಸಂಜೆ ಗಂಡನಿಗೆ ಆಫೀಸಿನಿಂದ ಫೋನ್ ಬಂತು. ಬೆಳಿಗ್ಗೆ ಊರ ನಡುವಿನ ಆಫೀಸಿನಲ್ಲಿ ತಪ್ಪಿಸಿಕೊಳ್ಳಲಾಗದ ಮೀಟಿಂಗು. "ನೀವಿಬ್ರೂ ಹೋಗ್ಬನ್ನಿ, ಮಧ್ಯಾಹ್ನ ಊಟಕ್ಕೆ ಸೇರೋಣ" ಎಂದರು.

ಮೇ ತಿಂಗಳು. ದೊಡ್ಡ ಮಳೆ ಮುಗಿಯುತ್ತ ಬಂದಿತ್ತು, ಬೆಳಗಿನ ಹೊತ್ತು ಮೈ ನಡುಗುವ ಚಳಿ. ಮಾವನಿಗೆ ಎರಡು ದಿನದಿಂದ ನೆಗಡಿ. ಹೊರಡುವ ಮುಂಚೆ ನಾನು ನನ್ನ ಡಬ್ಬಿಯಿಂದ ನೆಗಡಿಯ ಮಾತ್ರೆಯೊಂದನ್ನು ತೆಗೆದು ಕಾಫಿಯ ಜೊತೆ ಕೊಟ್ಟೆ. ಅವರು ಏನೂ ಕೇಳದೆ ನುಂಗಿದರು. ಸೊಸೆ, ಮಕ್ಕಳ ಪೌಷ್ಟಿಕತೆಯ ಸಂಸ್ಥೆಯಲ್ಲಿ ಕೆಲಸ ಮಾಡುತ್ತಾಳೆ, ಔಷಧಿಯ ವಿಷಯ ಅವಳಿಗೆ ಗೊತ್ತು ಎಂಬುದು ಅವರ ನಂಬಿಕೆ. ನಾನು ಅಲ್ಲಿ ವರದಿ ಬರೆಯುವವಳು, ಅಷ್ಟೆ.

ವ್ಯಾನಿನ ಡ್ರೈವರು ಐವತ್ತು ದಾಟಿದ ಮನುಷ್ಯ. ಇಸ್ತ್ರಿ ಮಾಡಿದ ಖಾಕಿ ಶರ್ಟು, ನಿಧಾನದ ಮಾತು. ಮಾವನನ್ನು ಮೊದಲ ನೋಟಕ್ಕೇ "ಮ್ಜೇ" ಎಂದು ಕರೆದ, ಅಂದರೆ ಹಿರಿಯರೇ ಎಂದು. ಮಾವನೂ ಬಸ್ ಓಡಿಸಿದವರು ಎಂದು ನಾನು ಹೇಳಿದ ಮೇಲಂತೂ ಹಿಂದಿನ ಸೀಟಿನಿಂದ ಎಬ್ಬಿಸಿ ತನ್ನ ಪಕ್ಕದಲ್ಲೇ ಕೂರಿಸಿಕೊಂಡ. ಇಬ್ಬರಿಗೂ ಪರಸ್ಪರ ಭಾಷೆ ಬಾರದು. ಆದರೂ ಡ್ರೈವರು ಗೇರು ಬದಲಿಸಿದಾಗಲೆಲ್ಲ ಮಾವ ತಲೆಯಾಡಿಸುತ್ತಿದ್ದರು. "ಕೈ ಚೆನ್ನಾಗಿದೆ ಕಣಮ್ಮ ಇವಂದು. ಗಾಡೀನ ನೋಯಿಸಲ್ಲ," ಎಂದು ನನಗೆ ಹೇಳಿದರು.

ಮೊದಲ ಎರಡು ಗಂಟೆ ಸೊಗಸಾಗಿತ್ತು. ಜೀಬ್ರಾ, ಜಿರಾಫೆ, ದಾರಿಗೆ ಅಡ್ಡ ನಿಂತು ನಮ್ಮನ್ನು ದುರುಗುಟ್ಟಿ ನೋಡಿದ ಕಾಡೆಮ್ಮೆಯ ಹಿಂಡು. ಅವುಗಳ ಹಿಂದೆ ದೂರದಲ್ಲಿ ನೈರೋಬಿಯ ಎತ್ತರದ ಕಟ್ಟಡಗಳು. ಎಂಟೂವರೆಯ ಹೊತ್ತಿಗೆ ಡ್ರೈವರಿನ ಫೋನಿಗೆ ಗೆಳೆಯನೊಬ್ಬ ಸುದ್ದಿ ಕೊಟ್ಟ: ಆಚೆ ಬಯಲಲ್ಲಿ ಸಿಂಹಗಳಿವೆ. ಮುಖ್ಯ ದಾರಿ ಬಿಟ್ಟು ಒಂದು ಸಣ್ಣ ದಾರಿಗೆ ಇಳಿದೆವು. ಸಿಂಹಗಳೇನೋ ಇದ್ದವು. ಜಾಲಿಯ ಮರದ ಕೆಳಗೆ ಎರಡು ಸಿಂಹಿಣಿ, ಒಂದು ಗಂಡು. ಹೊಟ್ಟೆ ತುಂಬಿ ಬಿದ್ದುಕೊಂಡಿದ್ದವು. ಮೂವತ್ತು ಹೆಜ್ಜೆಯೂ ಇರಲಿಲ್ಲ. ಮಾವ ಕಿಟಕಿಗೆ ಮುಖವೊತ್ತಿ ಉಸಿರು ಬಿಗಿಹಿಡಿದು ನೋಡಿದರು. ಐದು ನಿಮಿಷವಾದ ಮೇಲೆ ಡ್ರೈವರು ವ್ಯಾನನ್ನು ಹಿಂದಕ್ಕೆ ತೆಗೆಯಲು ಹೋದ. ಹಿಂದಿನ ಚಕ್ರ ಸುಮ್ಮನೆ ತಿರುಗಿತು.

ಅದು ನಮ್ಮ ಕಡೆಯ ಎರೆಮಣ್ಣೇ. ಅದೇ ಕಪ್ಪು, ಅದೇ ಅಂಟು. ಮಾವನಿಗೆ ನೋಡಿದ ಕೂಡಲೇ ಗೊತ್ತಾಯಿತು. "ರೇಸ್ ಕೊಡ್ಬೇಡ ಅನ್ನಮ್ಮ ಅವ್ನಿಗೆ. ಕೊಟ್ಟಷ್ಟೂ ಕೂರ್ತದೆ. ಕೆಳಗಿಳಿದು ಚಕ್ರದ ಮುಂದೆ ಸೊಪ್ಪೋ ಕಲ್ಲೋ ಹಾಕ್ಬೇಕು," ಎಂದು ಬಾಗಿಲ ಹಿಡಿಗೆ ಕೈ ಹಾಕಿದರು. ಡ್ರೈವರು ಅವರ ತೋಳು ಹಿಡಿದುಕೊಂಡ. "ಮ್ಜೇ, ಬೇಡ," ಎಂದು ಮರದ ಕಡೆ ತೋರಿಸಿದ. ಒಂದು ಸಿಂಹಿಣಿ ತಲೆ ಎತ್ತಿ ನಮ್ಮನ್ನೇ ನೋಡುತ್ತಿತ್ತು. ಮಾವ ಹಿಡಿ ಬಿಟ್ಟರು.

ಡ್ರೈವರು ಗೇಟಿಗೆ ಫೋನ್ ಮಾಡಿದ. ಉದ್ಯಾನದ ಇನ್ನೊಂದು ತುದಿಯಲ್ಲಿ ಲಾರಿಯೊಂದು ಹಳ್ಳದಲ್ಲಿ ಸಿಕ್ಕಿಕೊಂಡಿದೆ, ಎಳೆಯುವ ಗಾಡಿ ಅಲ್ಲಿಗೆ ಹೋಗಿದೆ, ಮುಗಿದ ಕೂಡಲೇ ಬರುತ್ತದೆ, ಯಾರೂ ಕೆಳಗಿಳಿಯಬೇಡಿ ಎಂದರಂತೆ. "ಪೋಲೆ ಸಾನಾ, ತುಂಬ ಕ್ಷಮಿಸಿ ಮೇಡಂ," ಎಂದ. "ಈ ದಾರಿಗೆ ಇಳಿದದ್ದು ನನ್ನ ತಪ್ಪು."

ಒಂಬತ್ತೂವರೆಯ ಹೊತ್ತಿಗೆ ಮಾವ ಕಾಲು ಅದಲುಬದಲು ಮಾಡತೊಡಗಿದರು. ನಾನು ಗಮನಿಸಿಯೂ ಗಮನಿಸದವಳ ಹಾಗೆ ಕೂತೆ. ಮದುವೆಯಾಗಿ ಎಂಟು ವರ್ಷವಾಗಿದ್ದರೂ ನಮ್ಮಿಬ್ಬರ ನಡುವೆ ಒಂದು ಅಂತರವಿತ್ತು. ಹಬ್ಬದ ದಿನ ಕಾಲು ಮುಟ್ಟಿ ನಮಸ್ಕರಿಸುವುದು ಬಿಟ್ಟರೆ ನಾನು ಅವರನ್ನು ಮುಟ್ಟಿದ್ದೇ ಇಲ್ಲ. ಕೊನೆಗೆ ಅವರೇ ಹೇಳಿದರು, ಮುಖ ಕಿಟಕಿಯ ಕಡೆ ತಿರುಗಿಸಿಕೊಂಡು.

"ಒಂದಕ್ಕೆ ಹೋಗ್ಬೇಕಿತ್ತಲ್ಲಮ್ಮ."

ನನ್ನ ಬಳಿ ಖಾಲಿ ನೀರಿನ ಬಾಟಲಿಯಿತ್ತು. ತೋರಿಸಿದೆ. "ಇದ್ರಲ್ಲಿ ಹೋಗಿ ಮಾವ, ನಾವು ಆಕಡೆ ತಿರುಗ್ತೀವಿ."

"ಛೆ ಛೆ! ಏನ್ ಮಾತು ಅಂತ ಆಡ್ತೀಯ? ಮೂವತ್ತು ವರ್ಷ ತಡ್ಕೊಂಡೇ ಗಾಡಿ ಓಡ್ಸಿದೀನಿ. ಬಳ್ಳಾರಿ ಬಿಟ್ರೆ ದುರ್ಗದಲ್ಲೇ ಇಳೀತಿದ್ದಿದ್ದು ನಾನು. ಬರ್ಲಿ ಬಿಡು ಅವ್ರು, ತಡ್ಕೋತೀನಿ."

ಇನ್ನೂ ಒಂದೂವರೆ ಗಂಟೆ ತಡೆದುಕೊಂಡರು. ಈ ನಡುವೆ ಒಂದು ದೊಡ್ಡ ಜೀಪು ಮುಖ್ಯ ದಾರಿಯಲ್ಲಿ ಬಂದು ನಿಂತಿತು. ಅದರ ಡ್ರೈವರು ನಮ್ಮ ಡ್ರೈವರಿನ ಜೊತೆ ಕೂಗಿ ಕೂಗಿ ಮಾತಾಡಿದ. ಒಳಗೆ ಬಂದರೆ ತಾನೂ ಹೂತುಕೊಳ್ಳುತ್ತೇನೆ, ಹಗ್ಗ ಕಟ್ಟಬೇಕಾದರೆ ಯಾರಾದರೂ ಇಳಿಯಲೇಬೇಕು ಎಂದ. ನಿಜವೇ. ಜೀಪಿನ ಪ್ರವಾಸಿಗಳು ಸಿಂಹದ ಫೋಟೋ ತೆಗೆದರು, ಆಮೇಲೆ ನಮ್ಮದೂ ತೆಗೆದರು. ಒಬ್ಬಾಕೆ ಕೈಬೀಸಿದಳು. ಗೇಟಿಗೆ ಮತ್ತೆ ಹೇಳುತ್ತೇವೆ ಎಂದು ಹೊರಟುಹೋದರು.

ಮಾವನ ಹಣೆಯಲ್ಲಿ ಬೆವರು ಕಂಡದ್ದು ಆಗ. ಆ ಚಳಿಯಲ್ಲಿ. "ಕೊಡಮ್ಮ ಅದನ್ನ" ಎಂದು ಕೈ ಚಾಚಿದರು. ಡ್ರೈವರು ಬಾಟಲಿಯ ಕತ್ತನ್ನು ಚಾಕುವಿನಿಂದ ಕತ್ತರಿಸಿ, ಅಂಚು ಚುಚ್ಚಬಾರದೆಂದು ಅದಕ್ಕೆ ಟೇಪು ಸುತ್ತಿದ. ಮಾವ ಹಿಂದಿನ ಸೀಟಿಗೆ ದಾಟಿಕೊಂಡರು. ನಾನು ಮುಂದೆ ಬಂದು ಡ್ರೈವರಿನ ಪಕ್ಕ ಕೂತೆ. ಅವನು ರೇಡಿಯೋ ಹಾಕಿ ದನಿ ಏರಿಸಿದ. ಚರ್ಚಿನ ಹಾಡು ಬರುತ್ತಿತ್ತು. ಒಂದು ಹಾಡು ಮುಗಿಯಿತು, ಇನ್ನೊಂದೂ ಮುಗಿಯಿತು.

"ಮಾವ, ಆಯ್ತಾ?"

"ಬರ್ತಾ ಇಲ್ಲ ಕಣಮ್ಮ."

ನಾಚಿಕೆಯಿಂದ ಇರಬೇಕು ಎಂದುಕೊಂಡೆ. "ನೀರು ಕುಡೀರಿ, ಆಮೇಲೆ ನೋಡೋಣ" ಎಂದು ಇನ್ನೊಂದು ಬಾಟಲಿ ನೀರು ಕೊಟ್ಟೆ. ಅವರು ಮಗುವಿನ ಹಾಗೆ ಗಟಗಟ ಕುಡಿದರು. ಮತ್ತೆ ಪ್ರಯತ್ನಿಸಿದರು. ಏನೂ ಬರಲಿಲ್ಲ. ಹತ್ತು ನಿಮಿಷದಲ್ಲಿ ಸೀಟಿನ ಮೇಲೆ ಮುಂದಕ್ಕೆ ಬಾಗಿ, ಎರಡು ಕೈಯಲ್ಲೂ ಕಿಬ್ಬೊಟ್ಟೆ ಒತ್ತಿಕೊಂಡು, "ಅಯ್ಯೋ ಶಿವನೇ" ಎನ್ನತೊಡಗಿದರು.

ಗಂಡನಿಗೆ ಫೋನ್ ಮಾಡಿದೆ. ಮೀಟಿಂಗಿನಲ್ಲಿದ್ದರು, ಎತ್ತಲಿಲ್ಲ. ಮೂರನೇ ಸಲವೂ ಎತ್ತದಿದ್ದಾಗ ಸ್ಪ್ರಿಂಗ್ ವ್ಯಾಲಿ ಬಡಾವಣೆಯಲ್ಲಿದ್ದ ನಮ್ಮ ಪರಿಚಯದ ಡಾಕ್ಟರಿಗೆ ಮಾಡಿದೆ. ಉಡುಪಿಯ ಕಡೆಯವರು, ನೈರೋಬಿಗೆ ಬಂದು ಮೂವತ್ತು ವರ್ಷವಾದವರು, ನಮಗೆಲ್ಲ ಮನೆಯ ಹಿರಿಯರಿದ್ದ ಹಾಗೆ. ಎಲ್ಲ ಕೇಳಿಕೊಂಡು ಅವರು ಒಂದೇ ಪ್ರಶ್ನೆ ಕೇಳಿದರು.

"ಇವತ್ತು ಹೊಸ ಮಾತ್ರೆ ಏನಾದ್ರೂ ತಗೊಂಡಿದ್ದಾರಾ?"

"ನೆಗಡಿಗೆ ಒಂದು ಕೊಟ್ಟೆ ಡಾಕ್ಟ್ರೇ."

ಹೆಸರು ಕೇಳಿದರು. ಹೇಳಿದೆ. "ಪ್ರಾಸ್ಟೇಟ್ ತೊಂದ್ರೆ ಇರೋರಿಗೆ ಅದು ಮೂತ್ರ ಕಟ್ಟಿಸ್ತದೆ ಮಾರಾಯ್ತಿ," ಎಂದರು. "ಅವ್ರಿಗೆ ಇತ್ತಾ ತೊಂದ್ರೆ?"

ನನಗೇನು ಗೊತ್ತು? ರಾತ್ರಿ ನಾಲ್ಕೈದು ಸಲ ಅವರು ಎದ್ದು ಹೋಗುವುದು ಕೇಳಿಸುತ್ತಿತ್ತು. ವಯಸ್ಸಾಗಿದೆ ಎಂದುಕೊಂಡಿದ್ದೆ.

"ಅಲ್ಲಿ ಕೂತು ನೀವು ಮಾಡುವಂಥದ್ದು ಏನೂ ಇಲ್ಲ. ಟ್ಯೂಬ್ ಹಾಕಿ ತೆಗೀಬೇಕು. ಆದಷ್ಟು ಬೇಗ ಆಸ್ಪತ್ರೆಗೆ ಕರ್ಕೊಂಡು ಬನ್ನಿ. ನೀರು ಮಾತ್ರ ಕೊಡ್ಬೇಡಿ."

ನೀರು ಆಗಲೇ ಕೊಟ್ಟಾಗಿತ್ತು.

ಫೋನ್ ಇಟ್ಟೆ. ಡ್ರೈವರು ಗೇಟಿಗೆ ಮತ್ತೆ ಫೋನ್ ಮಾಡಿ ಮಾವನ ಸ್ಥಿತಿ ಹೇಳಿದ; ಎಳೆಯುವ ಗಾಡಿ ಇನ್ನೂ ಲಾರಿಯ ಹತ್ತಿರವೇ ಇದೆ ಎಂದರಂತೆ. ಹೊರಗೆ ನೋಡಿದೆ. ಆಸ್ಪತ್ರೆಯ ದಿಕ್ಕಿನ ಕಟ್ಟಡಗಳು ಕಣ್ಣಿಗೆ ಕಾಣುತ್ತಿದ್ದವು. ಗಾಜಿನ ಮೇಲೆ ಬಿಸಿಲು ಬಿದ್ದು ಹೊಳೆಯುತ್ತಿತ್ತು. ತಲೆಯ ಮೇಲೆ ಸಣ್ಣ ವಿಮಾನಗಳು ಇಳಿಯಲು ಸುತ್ತುತ್ತಿದ್ದವು. ಸಿಂಹಗಳು ನೆರಳು ಸರಿದ ಹಾಗೆ ಮಗ್ಗುಲು ಬದಲಿಸಿ ಮತ್ತೆ ಮಲಗಿದವು. ಅವಕ್ಕೆ ನಮ್ಮ ಗೊಡವೆಯೇ ಇರಲಿಲ್ಲ. ಹಾರ್ನ್ ಹಾಕಿ ಓಡಿಸಿ ಎಂದು ಡ್ರೈವರನ್ನು ಬೇಡಿಕೊಂಡೆ. ಹಾಕಿದ. ಗಂಡು ಸಿಂಹ ಕಿವಿ ಆಡಿಸಿತು. "ಅವು ಎದ್ದು ಹುಲ್ಲಿನೊಳಗೆ ಹೋದರೆ ಇನ್ನೂ ಕಷ್ಟ ಮೇಡಂ. ಈಗ ಎಲ್ಲಿವೆ ಅಂತಾದರೂ ಗೊತ್ತು," ಎಂದ.

ಆಮೇಲೆ ಅವನು ಒಂದು ಕೆಲಸ ಮಾಡಿದ. ಶರ್ಟಿನ ತೋಳು ಮಡಚಿ, "ನಾನು ಇಳಿಯುತ್ತೇನೆ" ಎಂದು ಬಾಗಿಲು ತೆರೆದ. ಒಂದು ಕಾಲು ಮಣ್ಣಿಗೆ ಇಟ್ಟಿದ್ದನೋ ಇಲ್ಲವೋ, ಚಿಕ್ಕ ಸಿಂಹಿಣಿ ನೆಗೆಯಲು ಸಜ್ಜಾದ ಹಾಗೆ ಮುಂಗಾಲು ಮಡಚಿ ನೆಲಕ್ಕೆ ಒತ್ತಿಕೊಂಡಿತು. ನಾನು ಕಿರುಚಿದೆ. ಅವನು ಒಳಗೆ ಬಿದ್ದು ಬಾಗಿಲು ಎಳೆದುಕೊಂಡ. ಹಿಂದಿನಿಂದ ಮಾವ, ಆ ನೋವಿನಲ್ಲೂ, "ಇಳೀಬೇಡ ಅನ್ನಮ್ಮ ಅವ್ನಿಗೆ. ಅವ್ನಿಗೂ ಹೆಂಡ್ತಿ ಮಕ್ಕಳಿರ್ತಾರೆ," ಎಂದರು.

ನಾನು ಹಿಂದಿನ ಸೀಟಿಗೆ ಹೋಗಿ ಅವರ ಪಕ್ಕ ಕೂತೆ. ಏನು ಮಾಡಲಿ ಎಂದು ತೋಚದೆ ಬೆನ್ನ ಮೇಲೆ ಕೈಯಿಟ್ಟೆ. ಸ್ವೆಟರು ಬೆವರಿಗೆ ತೊಯ್ದಿತ್ತು. ಅವರು ನನ್ನ ಇನ್ನೊಂದು ಕೈ ಹಿಡಿದುಕೊಂಡರು. ನೋವು ಅಲೆ ಅಲೆಯಾಗಿ ಬರುತ್ತಿತ್ತು. ಬಂದಾಗ ನನ್ನ ಬೆರಳು ಮುರಿಯುವ ಹಾಗೆ ಹಿಂಡುತ್ತಿದ್ದರು. ಒಮ್ಮೆ ತಡೆಯಲಾರದೆ ನನ್ನ ಭುಜಕ್ಕೆ ಹಣೆಯಿಟ್ಟು ಅತ್ತರು. "ನಿಮ್ಮತ್ತೆಗೆ ಹೇಳ್ಬೇಡಮ್ಮ" ಎಂದರು. "ದುರ್ಗದ ಡಾಕ್ಟ್ರು ಮಾತ್ರೆ ಬರ್ದಿದ್ರು. ಅಲ್ಲೇ ಬಿಟ್ಟು ಬಂದೆ. ಸೊಸೆ ಮನೇಲಿ ಇವೆಲ್ಲ ಯಾಕೆ ಅಂತ."

ನಾನೂ ಆಗಲೇ ಹೇಳಬೇಕಿತ್ತು: ಬೆಳಿಗ್ಗೆ ಕೊಟ್ಟ ಮಾತ್ರೆಯಿಂದ ಹೀಗಾಯಿತು ಮಾವ, ನನ್ನಿಂದ ಆಯಿತು. ಬಾಯಿ ಬರಲಿಲ್ಲ.

ಎಳೆಯುವ ಗಾಡಿ ಬಂದಾಗ ಹನ್ನೆರಡೂವರೆ. ಬಂದೂಕು ಹಿಡಿದ ಇಬ್ಬರು ರೇಂಜರುಗಳಿದ್ದರು. ಅವರ ಗಾಡಿ ನಮಗೂ ಸಿಂಹಗಳಿಗೂ ನಡುವೆ ಬಂದು ನಿಂತಿತು. ಸಿಂಹಗಳು ಎದ್ದು, ಮೈಮುರಿದು, ಅವಸರವೇ ಇಲ್ಲದೆ ಹುಲ್ಲಿನೊಳಗೆ ನಡೆದುಹೋದವು. ವ್ಯಾನನ್ನು ಎಳೆಯುವುದು ಆಮೇಲೆ ಎಂದು ರೇಂಜರುಗಳು ಮಾವನನ್ನು ಎತ್ತಿ ತಮ್ಮ ಗಾಡಿಗೆ ಹಾಕಿದರು. ಗೇಟಿನ ತನಕ ದಾರಿಯೆಲ್ಲ ಗುಂಡಿ. ಪ್ರತಿ ಗುಂಡಿಗೂ ಮಾವನ ಬಾಯಿಂದ ಒಂದು ಸದ್ದು ಹೊರಡುತ್ತಿತ್ತು. ಅದು ಕೂಗೂ ಅಲ್ಲ, ನರಳಾಟವೂ ಅಲ್ಲ. ಗೇಟಿನ ಹೊರಗೆ ಟ್ರಾಫಿಕ್ಕು. ಮಟಾಟುಗಳು ಒಂದರ ಮೂತಿಗೆ ಒಂದು ಮೂತಿಯಿಟ್ಟು ನಿಂತಿದ್ದವು. ಅಷ್ಟರಲ್ಲಿ ಗಂಡನ ಫೋನ್ ಬಂತು. "ಏನು, ಸಿಂಹ ಕಂಡ್ವಾ?" ಎಂದು ನಗುತ್ತ ಕೇಳಿದರು.

ಆಸ್ಪತ್ರೆಯಲ್ಲಿ ಟ್ಯೂಬ್ ಹಾಕಿದರು. ಐದು ನಿಮಿಷದ ಕೆಲಸ. ಪರದೆಯ ಹೊರಗೆ ನಿಂತಿದ್ದ ನನಗೆ ಮಾವನ ಉದ್ದನೆಯ ನಿಟ್ಟುಸಿರು ಕೇಳಿಸಿತು.

ಡ್ರೈವರು ಮಾರನೆಯ ದಿನ ಒಂದು ಚಿಪ್ಪು ಬಾಳೆಹಣ್ಣು ತಂದು ಮಾವನನ್ನು ನೋಡಿಕೊಂಡು ಹೋದ. ಮುಖ್ಯ ದಾರಿ ಬಿಟ್ಟದ್ದಕ್ಕೆ ಅವನ ಮಾಲೀಕ ಸದ್ಯಕ್ಕೆ ಕೆಲಸಕ್ಕೆ ಬರಬೇಡ ಎಂದಿದ್ದನಂತೆ. ಅವನ ಪರವಾಗಿ ನಾನೊಂದು ಪತ್ರ ಬರೆದು ಕಳಿಸಿದೆ. ಉತ್ತರ ಬರಲಿಲ್ಲ. ಎರಡು ವಾರ ಬಿಟ್ಟು ಅವನಿಗೆ ಫೋನ್ ಮಾಡಿದರೆ ಆ ನಂಬರು ಚಾಲ್ತಿಯಲ್ಲಿರಲಿಲ್ಲ.

ಮಾತ್ರೆಯ ವಿಷಯ ಗಂಡನಿಗೆ ಹೇಳಿದೆ. ಅವರು ಬೈಯಲಿಲ್ಲ. "ಗೊತ್ತಿದ್ದು ಕೊಟ್ಯಾ? ಬಿಡು. ಅಪ್ಪಂಗೆ ಹೇಳಿ ಏನಾಗ್ಬೇಕು?" ಎಂದರು. ಬೈದಿದ್ದರೆ ಹಗುರಾಗುತ್ತಿತ್ತೇನೋ. ಮಾವನಿಗೆ ಹೇಳಲು ಮೂರು ಸಲ ಹೋದೆ. ಆದರೆ ಆ ದಿನದಿಂದ ಅವರು ನನ್ನ ಮುಖ ನೋಡುವುದನ್ನೇ ಬಿಟ್ಟಿದ್ದರು. ಆಪರೇಷನ್ನಿನ ತನಕ ಇರಲೆಂದು ಬಿಟ್ಟಿದ್ದ ಟ್ಯೂಬಿನ ಮೂತ್ರದ ಚೀಲವನ್ನು ಬಟ್ಟೆಯ ಕೈಚೀಲದೊಳಗೆ ಇಟ್ಟುಕೊಂಡು, ನಾನು ಕೋಣೆಗೆ ಬಂದರೆ ಗೋಡೆಯ ಕಡೆ ತಿರುಗುತ್ತಿದ್ದರು. ತಟ್ಟೆಯಿಟ್ಟರೆ "ಇಟ್ಟು ಹೋಗಮ್ಮ" ಎನ್ನುವರು. ಬಾಲ್ಕನಿಯ ಕುರ್ಚಿ ಖಾಲಿ ಬಿದ್ದಿತ್ತು. ಮಗ ಆಫೀಸಿನಿಂದ ಬರುವ ತನಕ ಬಾಯಿ ಬಿಡುತ್ತಿರಲಿಲ್ಲ.

ಹದಿನೈದು ದಿನದ ಮೇಲೆ ಗಂಡ ಅವರನ್ನು ಬೆಂಗಳೂರಿಗೆ ಕರೆದುಕೊಂಡು ಹೊರಟರು. ಅಲ್ಲಿ ಆಪರೇಷನ್ನು ಆಗಿ, ಮಾವ ಚೆನ್ನಾಗಿಯೇ ಸುಧಾರಿಸಿಕೊಂಡರು. ನೆಂಟರಿಗೆಲ್ಲ ಸಿಂಹ ಎಷ್ಟು ಹತ್ತಿರವಿತ್ತು ಎಂದು ವರ್ಣಿಸುತ್ತಾರೆ ಎಂದು ಅತ್ತೆ ಹೇಳುತ್ತಿದ್ದರು. ಅತ್ತೆಗೆ ಎಷ್ಟು ಗೊತ್ತು ಎಂದು ನಾನು ಕೇಳಲಿಲ್ಲ.

ಅವರು ನೈರೋಬಿಯಿಂದ ಹೊರಟ ಆ ಮಧ್ಯಾಹ್ನ ವಿಮಾನ ನಿಲ್ದಾಣದ ಬಾಗಿಲಲ್ಲಿ ಗಾಲಿಕುರ್ಚಿ ತಂದರು. ಮಾವ ಬೇಡವೆನ್ನದೆ ಕೂತರು. ಚೀಲವನ್ನು ಪ್ಯಾಂಟಿನೊಳಗೆ ಕಾಲಿಗೆ ಕಟ್ಟಿದ್ದರು, ಹೊರಗೆ ಕಾಣುತ್ತಿರಲಿಲ್ಲ. ನಮಸ್ಕಾರ ಮಾಡಲು ನಾನು ಬಗ್ಗಿದೆ. ಅವರು ಎರಡೂ ಕಾಲುಗಳನ್ನು ಥಟ್ಟನೆ ಹಿಂದಕ್ಕೆಳೆದುಕೊಂಡರು.

"ಬೇಡಮ್ಮ," ಎಂದರು. "ಅಲ್ಲೇ ನಿಂತ್ಕೊಂಡು ಮಾಡು, ಸಾಕು."

ನಾನು ನೆಟ್ಟಗಾಗಿ, ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದೆ. ಗಂಡ ಪಾಸ್‌ಪೋರ್ಟು ಹುಡುಕುತ್ತಿದ್ದರು. ಆಸ್ಪತ್ರೆಯ ಕಾಗದಗಳ ಲಕೋಟೆ ಎಲ್ಲಿ ಎಂದು ನನ್ನನ್ನು ಕೇಳಿದರು. ನಾನು ತೆಗೆದುಕೊಟ್ಟೆ.