ಮುಂದಿನ ಸೀಟಿನ ಸಾವಿತ್ರಿ

ಸಾವಿತ್ರಿ ಯಾವ ಗಾಡಿ ಹತ್ತಿದರೂ ಡ್ರೈವರ್ ಪಕ್ಕದ ಸೀಟು ಅವಳದೇ. "ಇಂದೆ ಕೂತ್ರೆ ವಾಂತಿ ಬತ್ತದೆ ಕಣಕ್ಕ" ಎನ್ನುವಳು. ವಾಂತಿ ನನಗೂ ಬರುತ್ತಿತ್ತು. ಅವಳು ಹೇಳಿದ ಮೇಲೆ ನಾನೂ ಹೇಳಿದರೆ ಪೈಪೋಟಿಗೆ ಬಿದ್ದಂತೆ ಕಾಣುತ್ತದೆಂದು ನಿಂಬೆಹಣ್ಣು ಮೂಸುತ್ತಾ ಹಿಂದೆ ಕೂರುತ್ತಿದ್ದೆ.

ಅವಳು ನನ್ನ ಮೈದುನನ ಹೆಂಡತಿ, ಅಂತರಸಂತೆಯ ಹುಡುಗಿ. ಹನಗೋಡಿನ ಈ ಮನೆಗೆ ನಾನು ಅವಳಿಗಿಂತ ಎಷ್ಟೋ ಮೊದಲು ಸೊಸೆಯಾಗಿ ಬಂದವಳು. ಅಡುಗೆ ನನ್ನದು, ದಿನಾ ಅತ್ತೆಯ ಮಂಡಿಗೆ ಎಣ್ಣೆ ತಿಕ್ಕುವುದೂ ನನ್ನದೇ. ಸಾವಿತ್ರಿ ಮಾಡಿದ ಸಾರಿಗೆ ಉಪ್ಪು ಜಾಸ್ತಿಯಾದರೆ ಮನೆಮಂದಿಯೆಲ್ಲ ಅವಳನ್ನು ರೇಗಿಸುತ್ತಾ ನಕ್ಕು ಉಣ್ಣುತ್ತಿದ್ದರು. ನನ್ನ ಸಾರು ಸರಿಯಾಗಿರುತ್ತಿತ್ತು. ಅದರ ಬಗ್ಗೆ ಯಾರೂ ಮಾತೇ ಆಡುತ್ತಿರಲಿಲ್ಲ.

ಅಂಡಮಾನಿಗೆ ಹೋಗಬೇಕೆಂಬುದು ನನ್ನ ಆಸೆ. ಫೋನಿನಲ್ಲಿ ವಿಡಿಯೊ ನೋಡಿ ನೋಡಿ, ಯಜಮಾನರನ್ನೂ ಮೈದುನನನ್ನೂ ಒಪ್ಪಿಸಿದವಳು ನಾನು. ಕೊನೆಗೆ ಅತ್ತೆಯನ್ನೂ ಕರೆದುಕೊಂಡು ಹೊರಟೆವು. ಪೋರ್ಟ್ ಬ್ಲೇರಿನಿಂದ ಉತ್ತರಕ್ಕೆ ದ್ವೀಪದಿಂದ ದ್ವೀಪಕ್ಕೆ ಕಾರಿನಲ್ಲೇ ಪಯಣ. ದಟ್ಟ ಕಾಡು, ಅಂಕುಡೊಂಕು ಗುಡ್ಡ, ಇದ್ದಕ್ಕಿದ್ದಂತೆ ರಸ್ತೆ ಮುಗಿದು ಎದುರಿಗೆ ನೀರು. ನಮ್ಮ ಕಾರು, ಅದರ ಹಿಂದಿದ್ದ ಬಸ್ಸು, ಎಲ್ಲವನ್ನೂ ದೊಡ್ಡ ದೋಣಿಯೊಂದು ಹೊತ್ತುಕೊಂಡು ಆಚೆ ದಡಕ್ಕೆ ಬಿಡುತ್ತಿತ್ತು.

ಡ್ರೈವರನ ಹಿರಿಯರು ಕೇರಳದಿಂದ ಹೋಗಿ ಅಲ್ಲಿ ನೆಲೆಸಿದವರು. ನಮ್ಮ ಕಡೆ ಜಮೀನು ಗುತ್ತಿಗೆ ಹಿಡಿದು ಶುಂಠಿ ಹಾಕುವ ಕೇರಳದವರಿಂದ ಸಾವಿತ್ರಿ ಮಲಯಾಳ ಕಲಿತಿದ್ದಳು. ಅವಳು "ಚೇಟ್ಟಾ" ಎಂದು ಅಣ್ಣನನ್ನು ಕರೆದಂತೆ ಕರೆದರೆ ಸಾಕು, ಅವನು ತಿರುವು ತಿರುವಿನಲ್ಲೂ ಕಾರು ನಿಲ್ಲಿಸುತ್ತಿದ್ದ. ಒಂದು ಗುಡ್ಡದ ಮೇಲೆ, ಕೆಳಗೆ ಹಸಿರು ನೀಲಿ ಬೆರೆತ ಕಡಲು ಕಂಡಾಗ ನಾನೂ ನಿಲ್ಲಿಸಲು ಕೇಳಿದೆ. "ಟೈಮ್ ನಹೀ" ಎಂದ.

ಪಯಣದ ತುದಿಯಲ್ಲಿ ಎರಡು ಪುಟ್ಟ ದ್ವೀಪಗಳು. ನಡುವೆ ಬಿಳಿ ಮರಳಿನ ಸಣ್ಣ ದಾರಿ. ಉಬ್ಬರ ಬಂದರೆ ಅದು ಮುಳುಗುತ್ತದೆ. ದೋಣಿಯಿಂದಿಳಿದ ಮೇಲೆ ಅತ್ತೆಯನ್ನು ನೀರಿಗೆ ಕರೆದೆ.

"ಮಂಡಿನೋವು ಕಣವ್ವ, ನೀವು ಓಗ್ಬನ್ನಿ" ಎಂದು ಮರದಡಿ ಕುಳಿತರು.

ಸಾವಿತ್ರಿ ಆಗಲೇ ಸೀರೆ ಎತ್ತಿಕಟ್ಟಿ ಸೊಂಟದ ಮಟ್ಟ ನೀರಿನಲ್ಲಿದ್ದಳು. ಅಲ್ಲಿಂದಲೇ ಕೂಗಿದಳು: "ಅತ್ತೆಮ್ಮ, ಇಷ್ಟು ದೂರ ಬಂದು ನೀವಂಗೆ ಒಣಗ್ಕಂಡು ಕೂತ್ರೆ ಸಮುದ್ರಕ್ಕೆ ಬೇಜಾರಾಗಾಕಿಲ್ವಾ? ಬನ್ನಿ ಅತ್ಲಾಗೆ!"

ಅತ್ತೆ ಎದ್ದರು. ನಾನು ತಿಕ್ಕಿ ತಿಕ್ಕಿ ಪಳಗಿಸಿದ ಮಂಡಿಗಳು ಅವಳ ಒಂದು ಕೂಗಿಗೆ ನಡೆದುಹೋದವು. ಇಬ್ಬರೂ ನೀರಿನಲ್ಲಿ ಕುಳಿತು, ಅಲೆ ಬಂದಾಗಲೆಲ್ಲ ಕಿರುಚುತ್ತಾ ನಗುತ್ತಿದ್ದರು. ಅತ್ತೆ ಹಾಗೆ ನಗುವುದನ್ನು ನಾನು ಅಲ್ಲಿಯವರೆಗೆ ಕಂಡೇ ಇರಲಿಲ್ಲ.

"ಅಕ್ಕ, ನೀನೂ ಬಾ!"

"ಚಪ್ಪಲಿ ಯಾರು ನೋಡ್ಕತಾರೆ?" ಎಂದೆ.

"ಏಡಿ ಆಕ್ಕಂಡು ಓದಾತಾ?"

ನನ್ನ ಯಜಮಾನರೂ ಗಹಗಹಿಸಿ ನಕ್ಕರು. ನಾನು ಚಪ್ಪಲಿಗಳ ಪಕ್ಕದಲ್ಲೇ ನಿಂತು ಎಲ್ಲರ ಫೋಟೊ ತೆಗೆದೆ. ನಾನಿಲ್ಲದ ಆ ಫೋಟೊ ಈಗ ನಮ್ಮ ನಡುಮನೆಯ ಗೋಡೆಯಲ್ಲಿದೆ.

ಮರುವರ್ಷ ಮಳೆಗಾಲದಲ್ಲಿ ಸಾವಿತ್ರಿಗೆ ಡೆಂಗಿ ಬಂತು. ಮೈಸೂರಿನ ಆಸ್ಪತ್ರೆಯಲ್ಲಿ ನಾನು ಕಂಡಾಗ ತುಟಿ ಒಡೆದಿತ್ತು. "ಗಂಜಿ ನೀನೇ ಮಾಡ್ಕಂಡು ಬಾರಕ್ಕ, ಇಲ್ಲೀದು ಬಾಯಿಗೆ ಇಡಕ್ಕಾಗಲ್ಲ" ಎಂದಳು. ನನ್ನ ಅಡುಗೆಯ ಬಗ್ಗೆ ಈ ಮನೆಯಲ್ಲಿ ಬಾಯಿಬಿಟ್ಟು ಒಳ್ಳೆಯ ಮಾತಾಡಿದವಳು ಅವಳೊಬ್ಬಳೇ. ಗಂಜಿ ಕಾಯಿಸಿಕೊಂಡು ಹೋಗುವಷ್ಟರಲ್ಲಿ ಅವಳನ್ನು ಐಸಿಯುಗೆ ಹಾಕಿದ್ದರು. ಅಲ್ಲಿಂದ ಅವಳು ಬರಲಿಲ್ಲ.

ಮೊನ್ನೆ ಅವಳ ತವರಿನವರು ಬಂದಿದ್ದರು. ಯಾರೋ ಅಂಡಮಾನಿನ ಸುದ್ದಿ ತೆಗೆದರು. ಅವಳು ಡ್ರೈವರನ್ನು ಕುಣಿಸಿದ್ದು, ದೋಣಿಯಲ್ಲಿ ಬಸ್ಸಿನವರನ್ನೆಲ್ಲ ಮಾತಾಡಿಸಿದ್ದು, ಎಲ್ಲವನ್ನೂ ಅವಳದೇ ದನಿಯಲ್ಲಿ ಹೇಳಿದೆ. ಅವಳ ತಾಯಿ ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. ಅಷ್ಟು ಜನರನ್ನು ನಾನು ನಗಿಸಿದ್ದು ಅದೇ ಮೊದಲು.

ಅತ್ತೆಯ ಕಡೆ ನೋಡಿದೆ.

"ಚೆನ್ನಾಗೇ ಯೋಳ್ದೆ ಕಣವ್ವ" ಎಂದರು. ಗೋಡೆಯ ಫೋಟೊ ಕಡೆ ತಿರುಗಿ, "ಆದ್ರೂ ಅವಳು ಯೋಳ್ದಂಗೆ ಆಗಾಕಿಲ್ಲ ಬುಡು" ಎಂದರು.

ಎಲ್ಲರಿಗೂ ಕಾಫಿ ಮಾಡುತ್ತೇನೆಂದು ಒಳಗೆ ಹೋದೆ. ಹೊಟ್ಟೆ ಉರಿಯುತ್ತಿತ್ತು. ಅಳುವೂ ಬಂತು. ಅತ್ತೆ ಹೇಳಿದ್ದು ನಿಜವಾಗಿತ್ತು.